ಅಟ್ಟದ ಮರ ಕಪ್ಪಗಾಗಿದ್ದು ಹೊಗೆಯಿಂದ

ಇಂಗ್ಲೆಂಡಿನ ಕೆಂಟ್‌ನಲ್ಲಿ ನೀವು ಹೇಳಿದ ಹಳೇ ರೈತರ ಮನೆಗೆ ಇಟ್ಟಿಗೆಯ ಮುಂಭಾಗ, ಅಟ್ಟದ ಮರವೆಲ್ಲ ಕಪ್ಪು. ಬೆಂಕಿ ಬಿದ್ದಿತ್ತಾ ಅಂತ ಕೇಳಿದ್ದೀರಿ. ಬಹುಶಃ ಇಲ್ಲ. 15ನೇ ಶತಮಾನದಲ್ಲಿ ಇಂಥ ಮನೆಗಳಿಗೆ ಸಾಮಾನ್ಯವಾಗಿ ಚಿಮಣಿಯೇ ಇರಲಿಲ್ಲ. ನಡುಮನೆ ಸೂರಿನವರೆಗೂ ತೆರೆದಿರುತ್ತಿತ್ತು, ನೆಲದ ಮೇಲೇ ಒಲೆ, ಹೊಗೆಯೆಲ್ಲ ಮೇಲಕ್ಕೆ. 16-17ನೇ ಶತಮಾನದಲ್ಲಿ ಇಟ್ಟಿಗೆ ಚಿಮಣಿ ಕಟ್ಟಿ, ಮಧ್ಯೆ ಮಹಡಿ ಹಾಕಿದರು. ಹಳೇ ಮಸಿ ಅಟ್ಟದಲ್ಲೇ ಉಳಿಯಿತು. ಮುಟ್ಟಿ ನೋಡಿ. ಸುಟ್ಟ ಮರ ಇದ್ದಿಲಾಗಿ ಬಿರುಕು ಬಿಟ್ಟಿರುತ್ತದೆ, ಹೊಗೆ ಹಿಡಿದ ಮರದ ಅಂಚುಗಳು ಹಾಗೇ ಚೂಪಾಗಿರುತ್ತವೆ. ಇಟ್ಟಿಗೆ ಮುಖ 18ನೇ ಶತಮಾನದ ಫ್ಯಾಷನ್ ಇರಬಹುದು, ಅದರ ಹಿಂದೆ ಓಕ್ ಚೌಕಟ್ಟು ಸಿಕ್ಕೀತು. ಹಳೇ ರೂಪ ನೋಡಬೇಕೆಂದರೆ ಸಸೆಕ್ಸ್‌ನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂಗೆ ಹೋಗಿ. ಕೆಂಟ್‌ನಿಂದಲೇ ಬಿಚ್ಚಿ ತಂದು ಮತ್ತೆ ಕಟ್ಟಿದ ಬೇಲೀಫ್ ಎಂಬ ರೈತರ ಮನೆ ಅಲ್ಲಿದೆ. ದಯವಿಟ್ಟು ಆ ಮಸಿ ಮಾತ್ರ ಉಜ್ಜಿಸಬೇಡಿ. ಮನೆಯ ವಯಸ್ಸಿಗೆ ಅದೊಂದು ಒಳ್ಳೇ ಸಾಕ್ಷಿ.