ಮರೂನ್ ಟೋಪಿಯ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಸೇನೆಯ ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೆ ನೇರವಾಗಿ ಅರ್ಜಿ ಹಾಕಬಹುದೇ? ನಮ್ಮೂರಿನ ಒಂದು ತರಬೇತಿ ಕೇಂದ್ರದವರು ‘ಸ್ಪೆಷಲ್ ಫೋರ್ಸ್ ಬ್ಯಾಚ್’ ಅಂತ ಬೇರೆ ಫೀಸು ಕೇಳುತ್ತಿದ್ದಾರೆ.
– ಓದುಗ, ಗದಗ

ಉತ್ತರ: ಆ ಫೀಸು ಕಟ್ಟಬೇಡಿ. ಸಾಮಾನ್ಯ ಅಭ್ಯರ್ಥಿಗೆ ಅಂಥ ಪ್ರತ್ಯೇಕ ಅರ್ಜಿಯೇ ಇಲ್ಲ. ಎಲ್ಲರ ಹಾಗೆ ಅಗ್ನಿವೀರ್ ಜನರಲ್ ಡ್ಯೂಟಿಗೆ ಹಾಕಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಅಂಕ ಇರಬೇಕು. ಮೊದಲು ಆನ್‌ಲೈನ್ ಪರೀಕ್ಷೆ, ಪಾಸಾದವರಿಗೆ ಮಾತ್ರ ರ‍್ಯಾಲಿ. ಅಲ್ಲಿ 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, 10 ಪುಲ್‌ಅಪ್‌ಗೆ 40 ಅಂಕ. ಒಂಬತ್ತು ಅಡಿ ಹಳ್ಳ ಜಿಗಿಯುವುದು, ಅಂಕುಡೊಂಕು ದಿಮ್ಮಿಯ ಮೇಲೆ ನಡೆಯುವುದು, ಇವೆರಡರಲ್ಲಿ ಪಾಸಾದರೆ ಸಾಕು. ಅಧಿಸೂಚನೆಯಲ್ಲಿ ವರ್ಷ ವರ್ಷ ಸಣ್ಣಪುಟ್ಟ ಬದಲಾವಣೆ ಆಗುವುದರಿಂದ ಸೇನೆಯ ನೇಮಕಾತಿ ಜಾಲತಾಣವನ್ನೇ ನೋಡಿ.

ಆಯ್ಕೆಯಾದ ಮೇಲೆ ಎರಡು ದಾರಿ. ಸ್ಪೆಷಲ್ ಫೋರ್ಸಸ್ ಇರುವುದು ಪ್ಯಾರಾಶೂಟ್ ರೆಜಿಮೆಂಟ್‌ನಲ್ಲಿ. ನೇರವಾಗಿ ಅದಕ್ಕೇ ಹೋದವರಿಗೆ ಬೆಂಗಳೂರಿನಲ್ಲೇ ಇರುವ ಅದರ ತರಬೇತಿ ಕೇಂದ್ರ. ಬೇರೆ ರೆಜಿಮೆಂಟಿಗೆ ಸೇರಿದವರು ಅಲ್ಲಿದ್ದುಕೊಂಡೇ ಸ್ವಇಚ್ಛೆಯಿಂದ ಹೆಸರು ಕೊಡಬಹುದು. ಸ್ವಇಚ್ಛೆ ಇಲ್ಲದವರನ್ನು ಈ ಪಡೆಗೆ ತೆಗೆದುಕೊಳ್ಳುವುದಿಲ್ಲ. ಕಾಲಾಳು ಪಡೆಗೆ ಹೋದರೆ ಅವಕಾಶ ತಪ್ಪಿತು ಅಂದುಕೊಳ್ಳಬೇಡಿ. ಪ್ರತಿ ಕಾಲಾಳು ಬೆಟಾಲಿಯನ್‌ನಲ್ಲೂ ಘಾತಕ್ ಪ್ಲಟೂನ್ (ಮುನ್ನುಗ್ಗಿ ದಾಳಿ ಮಾಡುವ ಸಣ್ಣ ತುಕಡಿ) ಇರುತ್ತದೆ, ಕಮಾಂಡೊ ತರಬೇತಿ ನಮ್ಮ ಬೆಳಗಾವಿಯಲ್ಲೇ ನಡೆಯುತ್ತದೆ.

ಪ್ರಶ್ನೆ: ಚೆನ್ನಾಗಿ ಓಡುವವರೂ ಸ್ಪೆಷಲ್ ಫೋರ್ಸಸ್‌ನ ಪ್ರೊಬೇಷನ್‌ನಲ್ಲಿ (ಪರೀಕ್ಷಾ ಅವಧಿಯಲ್ಲಿ) ಹೊರಬೀಳುತ್ತಾರಂತೆ. ಯಾಕೆ? ಈಗಿನಿಂದ ಹೇಗೆ ತಯಾರಾಗಲಿ?
– ಓದುಗ, ಕೊಡಗು

ಉತ್ತರ: ಬರಿಗೈಯಲ್ಲಿ ಓಡುವುದೇ ಬೇರೆ, ರೈಫಲ್ ಹಿಡಿದು ಪಿಟ್ಟು (ಸೈನಿಕರ ಬೆನ್ನುಚೀಲ) ಹೊತ್ತು ಓಡುವುದೇ ಬೇರೆ. ಸೇನೆಯ ಮಾಮೂಲಿ ಪರೀಕ್ಷೆಯಲ್ಲೇ 30 ವರ್ಷದೊಳಗಿನವರು ಪೂರ್ತಿ ಸರಂಜಾಮಿನೊಂದಿಗೆ 5 ಕಿ.ಮೀ.ಯನ್ನು 25 ನಿಮಿಷದಲ್ಲಿ ಮುಗಿಸಿದರೆ ‘ಎಕ್ಸಲೆಂಟ್’. ಪ್ರೊಬೇಷನ್‌ನಲ್ಲಿ ಅಷ್ಟಕ್ಕೆ ನಿಲ್ಲುವುದಿಲ್ಲ. ದೂರ ಹೆಚ್ಚುತ್ತಾ ಹೋಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ, ಆ ಸುಸ್ತಿನಲ್ಲೇ ನಕ್ಷೆ ಓದಬೇಕು, ಗುರಿ ಇಡಬೇಕು, ಜೊತೆಯವನನ್ನು ಹೊರಬೇಕು. ಇಷ್ಟಾದ ಮೇಲೂ ತಲೆ ನೆಟ್ಟಗಿದೆಯೇ ಎಂಬುದನ್ನೇ ಅವರು ನೋಡುವುದು. ಬೇಡ ಅನ್ನಿಸಿದವನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಬೇರೆ ರೆಜಿಮೆಂಟಿನಿಂದ ಬಂದಿದ್ದರೆ ಅಲ್ಲಿಗೇ ವಾಪಸ್.

ಮನಸ್ಸು ಗಟ್ಟಿ ಇದ್ದರೂ ಕಾಲು ಕೈಕೊಡುವುದುಂಟು. ಓಟ ಶುರು ಮಾಡಿದ ಕೆಲವೇ ವಾರದಲ್ಲಿ ಉಸಿರು, ಸ್ನಾಯು ಸುಧಾರಿಸುತ್ತವೆ. ಮೂಳೆಗೆ ತಿಂಗಳುಗಳೇ ಬೇಕು, ಯಾಕೆಂದರೆ ಹೊಸ ಭಾರ ಬಿದ್ದಾಗ ಅದು ಹಳೆಯ ಪದರವನ್ನು ಮೊದಲು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಆ ನಡುವಿನ ವಾರಗಳಲ್ಲಿ ಅತಿ ಮಾಡಿದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು. ಮೂಳೆಯುದ್ದಕ್ಕೂ ಹರಡಿದ ನೋವು, ಮೈ ಬಿಸಿಯಾದ ಮೇಲೆ ಕಡಿಮೆಯಾದರೆ, ಸಾಮಾನ್ಯವಾಗಿ ಬಿರುಕಲ್ಲ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋಯುತ್ತಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ಮಲಗಿದಾಗಲೂ ಕಾಡಿದರೆ ಓಟ ನಿಲ್ಲಿಸಿ ಡಾಕ್ಟರನ್ನು ಕಾಣಿ. ನೋವಿನ ಮಾತ್ರೆ ನುಂಗಿ ಓಡಿದರೆ ಬಿರುಕು ಮುರಿತವಾಗಬಹುದು. ಹುಡುಗರು ಇದೊಂದನ್ನು ಮುಚ್ಚಿಡಬಾರದು ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಮೊದಲ ಎರಡು ತಿಂಗಳು ಭಾರವಿಲ್ಲದೆ ಓಡಿ. ಆಮೇಲೆ ವಾರಕ್ಕೆ ಎರಡು ಸಲ, 5–6 ಕಿಲೋ ಹೊತ್ತು 3–4 ಕಿ.ಮೀ. ಬಿರುಸಾಗಿ ನಡೆಯಿರಿ, ಓಡುವುದು ಈಗಲೇ ಬೇಡ. ಒಂದು ವಾರ ದೂರ ಹೆಚ್ಚಿಸಿದರೆ ಮುಂದಿನ ವಾರ ಭಾರ, ಎರಡನ್ನೂ ಒಟ್ಟಿಗೆ ಹೆಚ್ಚಿಸಬಾರದು. ನಾಲ್ಕನೇ ವಾರ ಎರಡನ್ನೂ ಇಳಿಸಿ. ಚೀಲದಲ್ಲಿ ಮರಳು ತುಂಬುವವರು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಭಾರದ್ದನ್ನು ಮೇಲ್ಭಾಗದಲ್ಲಿ ಬೆನ್ನಿಗೆ ತಾಗುವಂತೆ ಇಡಿ. ತಳದಲ್ಲಿ ಜೋತುಬಿದ್ದರೆ ಭುಜದ ಪಟ್ಟಿ ನರವನ್ನು ಒತ್ತಿ ತೋಳು ಜೋಮು ಹಿಡಿಯುತ್ತದೆ.

ಪಾದದ ಉಗುರನ್ನು ನೇರಕ್ಕೆ ಕತ್ತರಿಸಿ, ಒದ್ದೆಯಾದ ಕಾಲುಚೀಲ ತಕ್ಷಣ ಬದಲಿಸಿ. ಒಂದು ಕಡೆ ಚುರುಗುಟ್ಟಲು ಶುರುವಾದಾಗಲೇ ನಿಂತು ಟೇಪು ಹಚ್ಚಿ; ಗುಳ್ಳೆ ಎದ್ದ ಮೇಲೆ ಚರ್ಮ ಕಿತ್ತರೆ ಸೋಂಕು. ಬೆವರಿಗೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ ಬರುತ್ತದೆ, ಅದನ್ನು ನೀರಿನ ಕೊರತೆ ಅಂದುಕೊಂಡು ಇನ್ನಷ್ಟು ಕುಡಿಸಿದರೆ ಪ್ರಾಣಕ್ಕೇ ಅಪಾಯ. ಉಪ್ಪಿರುವ ಮಜ್ಜಿಗೆ, ಓಆರ್‌ಎಸ್ ಜೊತೆಗಿರಲಿ.

ಪ್ರಶ್ನೆ: ಮಗ ಇದನ್ನೇ ಹಟ ಹಿಡಿದಿದ್ದಾನೆ. ಇಷ್ಟು ಕಷ್ಟಪಟ್ಟು ಸಿಗುವುದಾದರೂ ಏನು?
– ತಾಯಿ, ಹಾಸನ

ಉತ್ತರ: ದುಡ್ಡಿನ ಲೆಕ್ಕ ಮೊದಲು ಹೇಳುತ್ತೇವೆ, ಅಮ್ಮ. ಸ್ಪೆಷಲ್ ಫೋರ್ಸಸ್ ಭತ್ಯೆಯನ್ನು 2017ರಲ್ಲಿ ಜವಾನರಿಗೆ ತಿಂಗಳಿಗೆ ₹17,300, ಅಧಿಕಾರಿಗಳಿಗೆ ₹25,000 ಎಂದು ನಿಗದಿ ಮಾಡಿದರು. ಇದು ಸಂಬಳಕ್ಕಿಂತ ಬೇರೆ. ಆದರೆ ಅಗ್ನಿವೀರನ ಸೇವೆ ನಾಲ್ಕು ವರ್ಷದ್ದು. ಮೊದಲ ವರ್ಷ ತಿಂಗಳಿಗೆ ₹30,000, ಅದರಲ್ಲಿ ಶೇ 30 ಸೇವಾನಿಧಿಗೆ (ಸೇವೆ ಮುಗಿದಾಗ ಒಟ್ಟಿಗೆ ಸಿಗುವ ಮೊತ್ತಕ್ಕೆ) ಹೋಗುತ್ತದೆ. ನಾಲ್ಕನೇ ವರ್ಷ ₹40,000. ವಿಮೆ ₹48 ಲಕ್ಷ. 2022ರ ಯೋಜನೆಯ ಪ್ರಕಾರ ಖಾಯಂ ಆಗುವವರು ಶೇ 25ರವರೆಗೆ ಮಾತ್ರ. ಇದನ್ನು ತಿಳಿದೇ ಅವನು ಹೊರಡಲಿ.

ದುಡ್ಡಿಗಾಗಿಯೇ ಹೋದವರು ಇಲ್ಲಿ ನಿಲ್ಲುವುದು ಕಷ್ಟ. ಆಗ್ರಾದಲ್ಲಿ ಐದು ಸಲ ವಿಮಾನದಿಂದ ಧುಮುಕಿದ ಮೇಲೆ, ಅದರಲ್ಲಿ ಒಂದು ರಾತ್ರಿಯದು, ಪ್ಯಾರಾಟ್ರೂಪರ್ ರೆಕ್ಕೆ ಸಿಗುತ್ತದೆ. ಮರೂನ್ ಟೋಪಿ ರೆಜಿಮೆಂಟಿನ ಎಲ್ಲರದು, ಬಲಿದಾನ್ ಬ್ಯಾಡ್ಜ್ ಸ್ಪೆಷಲ್ ಫೋರ್ಸಸ್‌ನವರದು ಮಾತ್ರ. ಗುಲ್ಮಾರ್ಗ್‌ನ ಹಿಮಯುದ್ಧ ಶಾಲೆ, ಮಿಜೋರಾಮಿನ ವೈರೆಂಗ್ಟೆಯ ಕಾಡುಯುದ್ಧ ಶಾಲೆಯಂಥ ಕಡೆ ಕಲಿಯುವ ಅವಕಾಶವೂ ಇದೆ. ಇದಕ್ಕೆ ಮನೆಯವರು ತೆರುವ ಬೆಲೆ ಸಣ್ಣದಲ್ಲ: ಮಗ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂಬುದು ಎಷ್ಟೋ ಸಲ ನಿಮಗೆ ಗೊತ್ತಾಗುವುದಿಲ್ಲ. ಇದನ್ನು ಅವನ ಜೊತೆ ಕೂತು ಬಿಚ್ಚುಮನಸ್ಸಿನಿಂದ ಮಾತಾಡಿ.

ಪ್ರಶ್ನೆ: ಚಪ್ಪಟೆ ಪಾದ, ತೋಳಿನಲ್ಲಿ ಹಚ್ಚೆ. ರ‍್ಯಾಲಿಯಲ್ಲೇ ತೆಗೆದುಹಾಕುತ್ತಾರಾ?
– ಓದುಗ, ವಿಜಯಪುರ

ಉತ್ತರ: ತುದಿಗಾಲಲ್ಲಿ ನಿಂತಾಗ ಪಾದದ ಕಮಾನು ಮೂಡಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆಗಲೂ ಚಪ್ಪಟೆಯಾಗಿ ಬಿಗಿದಿದ್ದರೆ ಅನರ್ಹ. ಹಚ್ಚೆ ಮುಂಗೈಯ ಒಳಬದಿಯಲ್ಲಿ, ಮೊಣಕೈಯಿಂದ ಮಣಿಕಟ್ಟಿನೊಳಗೆ, ಅಥವಾ ಅಂಗೈಯ ಹಿಂಬದಿಯಲ್ಲಿ ಇದ್ದರೆ ಸರಿ. ರಟ್ಟೆಯ ಮೇಲಿದ್ದರೆ ಕಷ್ಟ. ಬುಡಕಟ್ಟಿನವರಿಗೆ ಸಂಪ್ರದಾಯದ ವಿನಾಯಿತಿ ಇದೆ. ಹೋಗುವ ಮುಂಚೆ ಕಿವಿಯ ಗುಗ್ಗೆಯನ್ನು ಡಾಕ್ಟರ ಹತ್ತಿರ ತೆಗೆಸಿಕೊಳ್ಳಿ.