ಚಳಿಗಾಲದಲ್ಲಿ ಜೇನುನೊಣಗಳು

ಪ್ರಶ್ನೆ: ಹಿಮ ಬೀಳುವ ಪ್ರದೇಶಗಳಲ್ಲಿ ಹೂವೇ ಇಲ್ಲದ ಚಳಿಗಾಲವನ್ನು ಜೇನುನೊಣಗಳು ಹೇಗೆ ಕಳೆಯುತ್ತವೆ? ಕಪ್ಪೆಗಳಂತೆ ದೀರ್ಘನಿದ್ದೆಗೆ ಜಾರುತ್ತವೆಯೇ?

ಉತ್ತರ: ಇಲ್ಲ, ಅವು ಚಳಿಗಾಲವಿಡೀ ಗೂಡಿನೊಳಗೆ ದುಡಿಯುತ್ತಲೇ ಇರುತ್ತವೆ. ಹೊರಗಿನ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಾವಿರಾರು ಕೆಲಸಗಾರ ನೊಣಗಳು ರಾಣಿಯನ್ನು ಒಳಗಿರಿಸಿಕೊಂಡು ಎರಿಗಳ ಮೇಲೆ ಚೆಂಡಿನಾಕಾರದಲ್ಲಿ ಒತ್ತೊತ್ತಾಗಿ ಗುಂಪುಗೂಡುತ್ತವೆ. ಹೊರಪದರದ ನೊಣಗಳು ತಲೆಯನ್ನು ಒಳಮುಖವಾಗಿಸಿ, ಹೆಂಚು ಹೊದಿಸಿದಂತೆ ಒಂದಕ್ಕೊಂದು ಅಂಟಿ ನಿಂತು ಶಾಖ ಸೋರದಂತೆ ತಡೆದರೆ, ಒಳಗಿನವು ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನಷ್ಟೇ ಕಂಪಿಸಿ ಬಿಸಿ ಹುಟ್ಟಿಸುತ್ತವೆ. ಹೀಗಾಗಿ ಅಂಚಿನಲ್ಲಿ 10 ಡಿಗ್ರಿಯ ಆಸುಪಾಸಿನಲ್ಲಿರುವ ಉಷ್ಣತೆ, ಮರಿಹುಳುಗಳಿರುವ ನಡುಭಾಗದಲ್ಲಿ 34-35 ಡಿಗ್ರಿ ಮುಟ್ಟುತ್ತದೆ. ಈ ದುಡಿಮೆಗೆ ಇಂಧನ ಬೇಸಿಗೆಯಲ್ಲಿ ಕೂಡಿಟ್ಟ ಜೇನು. ಅದನ್ನು ಉಳಿಸಲೆಂದೇ ಗಂಡು ನೊಣಗಳನ್ನು ಚಳಿಗೆ ಮುನ್ನವೇ ಹೊರದಬ್ಬಲಾಗುತ್ತದೆ.

ಕಡು ಚಳಿ ಬಹುದಿನ ಮುಂದುವರಿದರೆ ಗುಂಪು ಕದಲಲಾರದೆ, ಅಂಗುಲಗಳ ದೂರದ ಎರಿಯಲ್ಲಿ ಜೇನು ತುಂಬಿದ್ದರೂ ಹಸಿವಿನಿಂದ ಸಾಯುವುದುಂಟು. ಜೇನು ಸಾಕುವವರಿಗೆ ಇದಕ್ಕಿಂತ ಸಂಕಟದ ನೋಟ ಬೇರೊಂದಿರಲಾರದು. ಬೇಸಿಗೆಯ ಕೆಲಸಗಾರ ನೊಣದ ಆಯುಷ್ಯ ಸುಮಾರು ಆರು ವಾರಗಳಾದರೆ, ಮೈಯಲ್ಲಿ ಹೆಚ್ಚು ಕೊಬ್ಬು ತುಂಬಿಕೊಂಡ ಚಳಿಗಾಲದ ನೊಣಗಳು ಹಲವು ತಿಂಗಳು ಬದುಕುತ್ತವೆ. ಗೂಡನ್ನು ಹೊಲಸು ಮಾಡಬಾರದೆಂದು ವಾರಗಟ್ಟಲೆ ಮಲವನ್ನು ತಡೆದಿಟ್ಟುಕೊಳ್ಳುವ ಅವು, ಬಿಸಿಲು ಕಂಡ ದಿನ ಹೊರಗೆ ಹಾರಿ ವಿಸರ್ಜಿಸಿ ಮರಳುತ್ತವೆ.