ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಸ್ವಯಂಸೇವಕರಾದರೆ ಪ್ರಾಣಿಗಳನ್ನು ಮುದ್ದು ಮಾಡಬಹುದಾ?

ಇಲ್ಲ. ಊರಿಂದ ದೂರದ ಕೇಂದ್ರ ಅಂದರೆ ಕೈಗಳು ಕಡಿಮೆ, ಕೆಲಸ ಜಾಸ್ತಿ. ಗೂಡು ತೊಳೆಯುವುದು, ಹಣ್ಣು ಹೆಚ್ಚುವುದು, ಬಟ್ಟೆ ಒಗೆಯುವುದರಲ್ಲೇ ದಿನ ಕಳೆಯುತ್ತದೆ.

ಸುಮ್ನೆ ದೂರ ಇಡುವುದಲ್ಲ, ಕಾರಣ ಇದೆ. ಕಣ್ಣು ಬಿಟ್ಟಾಗಿನಿಂದ ಮನುಷ್ಯರನ್ನೇ ನೋಡಿದ ಹಕ್ಕಿಮರಿ ನಮ್ಮನ್ನೇ ತನ್ನವರು ಅಂದುಕೊಳ್ಳಬಹುದು. ಆಮೇಲೆ ಕಾಡಿಗೆ ಬಿಡುವುದು ಕಷ್ಟ. ಅದಕ್ಕೇ ಗೂಬೆ, ಹದ್ದಿನ ಮರಿಗಳಿಗೆ ಎಷ್ಟೋ ಕಡೆ ಮುಖ ಮುಚ್ಚಿಕೊಂಡು, ತಾಯಿಹಕ್ಕಿಯ ತಲೆಯಂಥ ಕೈಗೊಂಬೆಯಿಂದ ತುತ್ತು ಕೊಡುತ್ತಾರೆ. ಮಾತೂ ಆಡುವಂತಿಲ್ಲ!

ಜಿಂಕೆ ಇನ್ನೂ ಸೂಕ್ಷ್ಮ. ಹಿಡಿಯುವಾಗಿನ ಗಾಬರಿ, ಒದ್ದಾಟಕ್ಕೇ ಸ್ನಾಯುಗಳು ಹಾಳಾಗಿ, ಗಾಯವಿಲ್ಲದಿದ್ದರೂ ಕೆಲವು ದಿನಗಳ ನಂತರ ಸಾಯಬಹುದು. ನಿಮ್ಮ ಪ್ರೀತಿಯ ಸವರುವಿಕೆ ಅದಕ್ಕೆ ಬೇಟೆಗಾರನ ಪಂಜ, ಅಲ್ವಾ?

ಸಸ್ತನಿಗಳ ಹತ್ತಿರ ಕೆಲಸವಿದ್ದರೆ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಕಚ್ಚಿದರೆ ಆಮೇಲೂ ಚುಚ್ಚುಮದ್ದು ಬೇಕೇ ಬೇಕು.